ಅಮೆರಿಕದಲ್ಲಿ ಸ್ಕೂಲ್ ನರ್ಸ್ ಆಗಲು ತಯಾರಿ: ಮೊದಲು ಯಾವ ಪರೀಕ್ಷೆ?



ಊರಿನಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳು ದೊಡ್ಡವರಾಗುವ ತನಕ ಮನೆಯಲ್ಲೇ ಉಳಿದವರು ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಯ ನೈಟ್ ಶಿಫ್ಟ್ ಬೇಡ, ಮಕ್ಕಳ ಶಾಲೆಯ ವೇಳೆಗೆ ಹೊಂದುವ ಕೆಲಸ ಬೇಕು ಎನ್ನುವವರಿಗೆ ಸ್ಕೂಲ್ ನರ್ಸ್ ಕೆಲಸ ಒಳ್ಳೆಯ ದಾರಿ. ನಮ್ಮ ಮನೆಯಲ್ಲಿ ಒಬ್ಬರು ನರ್ಸ್, ಇನ್ನೊಬ್ಬರು ಸಾಫ್ಟ್‌ವೇರ್ ಇಂಜಿನಿಯರ್. ಇಬ್ಬರೂ ಕುಳಿತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೂರು ಬೇರೆ ಬೇರೆ ಅರ್ಹತೆಗಳು

ಸರ್ಟಿಫಿಕೇಷನ್ ಎಂಬ ಒಂದೇ ಪದದಿಂದ ಇಲ್ಲಿ ಬಹಳ ಗೊಂದಲವಾಗುತ್ತದೆ. ನಿಜಕ್ಕೂ ಇರುವುದು ಮೂರು ಮೆಟ್ಟಿಲು.

ಒಂದು, ಆರ್‌ಎನ್ ಲೈಸೆನ್ಸ್. ಇದನ್ನು ಕೊಡುವುದು ನೀವಿರುವ ರಾಜ್ಯದ ನರ್ಸಿಂಗ್ ಬೋರ್ಡ್. ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಪಾಸಾಗಬೇಕು. ಊರಿನ ಕಾಲೇಜು ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಕಾಗದಪತ್ರ ತರಿಸಲು ಸಮಯ ಹಿಡಿಯುತ್ತದೆ. ಆದ್ದರಿಂದ ಊರಿಗೆ ಹೋದಾಗಲೇ ಆ ಕೆಲಸ ಶುರು ಮಾಡಿ.

ಎರಡು, ಶಾಲೆಯಲ್ಲಿ ಕೆಲಸ ಮಾಡಲು ರಾಜ್ಯ ಕೇಳುವ ಅರ್ಹತೆ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ನರ್ಸ್ ಸರ್ವಿಸಸ್ ಕ್ರೆಡೆನ್ಷಿಯಲ್ ಕೊಡುವುದು ಶಿಕ್ಷಕರ ಅರ್ಹತೆ ನೋಡುವ ಆಯೋಗ. ನ್ಯೂಜೆರ್ಸಿಯಲ್ಲಿ ಶಿಕ್ಷಣ ಇಲಾಖೆಯೇ ಪ್ರಮಾಣಪತ್ರ ಕೊಡುತ್ತದೆ.

ಮೂರು, ರಾಷ್ಟ್ರಮಟ್ಟದ ಎನ್‌ಸಿಎಸ್‌ಎನ್, ಅಂದರೆ ನ್ಯಾಷನಲಿ ಸರ್ಟಿಫೈಡ್ ಸ್ಕೂಲ್ ನರ್ಸ್. ಇದನ್ನು ನಡೆಸುವುದು ಸ್ಕೂಲ್ ನರ್ಸ್‌ಗಳ ಸರ್ಟಿಫಿಕೇಷನ್‌ಗೆಂದೇ ಇರುವ ರಾಷ್ಟ್ರೀಯ ಮಂಡಳಿ. ಆರ್‌ಎನ್ ಲೈಸೆನ್ಸ್ ಜೊತೆಗೆ ಬ್ಯಾಚುಲರ್ ಪದವಿ ಬೇಕು. ಹಿಂದಿನ ಮೂರು ವರ್ಷಗಳಲ್ಲಿ 1000 ಗಂಟೆ ಸ್ಕೂಲ್ ನರ್ಸಿಂಗ್ ಅನುಭವವಿದ್ದರೆ ಒಳ್ಳೆಯದೆಂದು ಮಂಡಳಿ ಶಿಫಾರಸು ಮಾಡುತ್ತದೆ. ಸರ್ಟಿಫಿಕೇಟ್ 5 ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಿಸಬೇಕು.

ಸಾಫ್ಟ್‌ವೇರ್‌ನಲ್ಲಿ ಜಾವಾ ಸರ್ಟಿಫಿಕೇಟ್ ಇಲ್ಲದೆಯೂ ಪ್ರೋಗ್ರಾಂ ಬರೆಯಬಹುದು, ಇದ್ದರೆ ರೆಸ್ಯೂಮೆಗೆ ತೂಕ. ಮೂರನೆಯ ಮೆಟ್ಟಿಲು ಹೆಚ್ಚು ಕಡಿಮೆ ಹಾಗೆ. ಮೊದಲಿನದು ಹಾಗಲ್ಲ, ಅದಿಲ್ಲದೆ ಆರ್‌ಎನ್ ಆಗಿ ಕೆಲಸ ಮಾಡುವುದು ಕಾನೂನುಬಾಹಿರ. ಆದ್ದರಿಂದ ಹೆಸರು ಆಕರ್ಷಕವಾಗಿದೆ ಎಂದು ಮೊದಲೇ ಮೂರನೆಯದಕ್ಕೆ ಹಣ ಕಟ್ಟಬೇಡಿ.

ಜಿಎನ್‌ಎಂ ಓದಿದವರು ನಿರಾಶರಾಗಬೇಕಿಲ್ಲ. ಆರ್‌ಎನ್ ಆದ ಮೇಲೆ ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಬಿಎಸ್‌ಎನ್ ಮುಗಿಸುವ ಕೋರ್ಸುಗಳನ್ನು ಇಲ್ಲಿನ ಅನೇಕ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಇನ್ನೊಂದು ಮಾತು: ಪರೀಕ್ಷೆ ಪಾಸಾದ ಮಾತ್ರಕ್ಕೆ ಕೆಲಸದ ಅನುಮತಿ ಸಿಗುವುದಿಲ್ಲ. ಎಚ್-4 ವೀಸಾದವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಏನು ಓದಬೇಕು?

1902ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಂದ ಅಂಟುರೋಗವೆಂದು ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಲಿಲಿಯನ್ ವಾಲ್ಡ್ ಅವರು ಲೀನಾ ರೋಜರ್ಸ್ ಎಂಬ ನರ್ಸ್ ಅನ್ನು ಪ್ರಯೋಗಕ್ಕಾಗಿ 4 ಶಾಲೆಗಳಿಗೆ ಕೊಟ್ಟರು. ಅವರು ಮಕ್ಕಳಿಗೆ ಚಿಕಿತ್ಸೆ ಮಾಡಿ, ಮನೆಗೂ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಶಾಲೆ ತಪ್ಪುವ ಮಕ್ಕಳ ಸಂಖ್ಯೆ ಇಳಿಯಿತು. ಮಗು ಕ್ಷೇಮವಾಗಿ ತರಗತಿಯಲ್ಲಿ ಉಳಿಯಬೇಕು ಎಂಬುದೇ ಇಂದಿಗೂ ಈ ಕೆಲಸದ ತಿರುಳು. ಪರೀಕ್ಷೆಯ ಪ್ರಶ್ನೆಗಳನ್ನೂ ಈ ಕಣ್ಣಿನಿಂದಲೇ ನೋಡಬೇಕು.

ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಡಾಕ್ಟರ್ ಇರುತ್ತಾರೆ, ಶಾಲೆಯಲ್ಲಿ ಇರುವುದಿಲ್ಲ. ಟೈಪ್ 1 ಡಯಾಬಿಟಿಸ್ ಇರುವ ಮಗು ಆಟದ ಪೀರಿಯಡ್‌ನಲ್ಲಿ ಬೆವರಿ ನಡುಗುತ್ತಿದೆ, ಸಕ್ಕರೆ ಅಂಶ 70ಕ್ಕಿಂತ ಕೆಳಗಿದೆ ಎನ್ನಿ. ಮಗುವಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ 15 ಗ್ರಾಂ ಬೇಗ ಜೀರ್ಣವಾಗುವ ಸಕ್ಕರೆ, ಅಂದರೆ ಸುಮಾರು ಅರ್ಧ ಕಪ್ ಜ್ಯೂಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆ ಮಗುವನ್ನು ನರ್ಸ್ ಕೋಣೆಗೆ ಒಂಟಿಯಾಗಿ ಕಳಿಸಲೇಬಾರದು. ಆಸ್ತಮಾ, ಫಿಟ್ಸ್, ಕಡಲೆಕಾಯಿಯಂಥ ಅಲರ್ಜಿಗೆ ಎಪಿನೆಫ್ರಿನ್ ಕೊಡುವುದು, ಲಸಿಕೆ, ಕಣ್ಣು ಕಿವಿ ತಪಾಸಣೆ ಇವನ್ನೂ ಹೀಗೇ ಸನ್ನಿವೇಶ ಹಿಡಿದು ಓದಿ.

ನಮ್ಮವರಿಗೆ ಕಷ್ಟವಾಗುವುದು ಕಾಯಿಲೆಗಳಲ್ಲ, ಇಲ್ಲಿನ ಕಾನೂನು. 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504, ವಿಶೇಷ ಶಿಕ್ಷಣದ ಐಇಪಿ, ವಿದ್ಯಾರ್ಥಿಗಳ ದಾಖಲೆ ಕಾಪಾಡುವ 1974ರ ಫರ್ಪಾ ಇವನ್ನು ಚೆನ್ನಾಗಿ ತಿಳಿಯಬೇಕು. ಸರ್ಕಾರಿ ಶಾಲೆಯ ನರ್ಸ್ ಬರೆದಿಡುವ ದಾಖಲೆ ಸಾಮಾನ್ಯವಾಗಿ ಹಿಪಾ ಅಡಿಯಲ್ಲಲ್ಲ, ಫರ್ಪಾ ಅಡಿಯಲ್ಲಿ ಬರುತ್ತದೆ. ಆಸ್ಪತ್ರೆಯಿಂದ ಬಂದವರಿಗೆ ಇದು ಹೊಸದು. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ವರದಿ ಮಾಡುವುದು ಕರ್ತವ್ಯ ಎಂಬುದನ್ನೂ ನೆನಪಿಡಿ.

ಮನೆಯವರು ಏನು ಮಾಡಬಹುದು?

ಅಣಕು ಪರೀಕ್ಷೆಯಲ್ಲಿ ತಪ್ಪಾದ ಉತ್ತರಗಳನ್ನು ವಿಷಯವಾರು ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿಡಿ. ಎಲ್ಲಿ ಹಿಂದಿದ್ದೀರಿ ಎಂದು ಎರಡೇ ವಾರದಲ್ಲಿ ಕಾಣುತ್ತದೆ. ಮುಖ್ಯವಾಗಿ, ಸಂಜೆ ಎರಡು ಗಂಟೆ ಅಡುಗೆ ಮತ್ತು ಮಕ್ಕಳ ಹೋಂವರ್ಕ್ ಇನ್ನೊಬ್ಬರು ನೋಡಿಕೊಳ್ಳಬೇಕು. ಓದುವವರಿಗೆ ಪುಸ್ತಕಕ್ಕಿಂತ ಬೇಕಾದದ್ದು ಆ ಎರಡು ಗಂಟೆ.

ಊರಿನಲ್ಲಿ ಕಷ್ಟಪಟ್ಟು ಕಲಿತ ವಿದ್ಯೆ ಪೆಟ್ಟಿಗೆಯಲ್ಲಿ ಉಳಿಯದಿರಲಿ. ನಿಮ್ಮ ಪರಿಚಯದ ನರ್ಸ್‌ಗಳಿಗೂ ಈ ಮಾಹಿತಿ ತಲುಪಿಸಿ. ಎಲ್ಲರಿಗೂ ಶುಭವಾಗಲಿ.