ಹುತ್ರಿದುರ್ಗದ ಸೀಮೆಯಲ್ಲಿ ನಕ್ಷತ್ರ ತಪ್ಪಿದ ಮಳೆ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವು ಮಾಗಡಿ ಕೆಂಪೇಗೌಡರ ಕಾಲದ ಕೋಟೆಯೆಂದೂ ಶಂಕರೇಶ್ವರನ ಗುಡಿಯಿರುವ ಬೆಟ್ಟವೆಂದೂ ನಾಡಿಗೆ ಪರಿಚಿತವಾಗಿದೆ. ತಪ್ಪಲಿನ ಒಕ್ಕಲು ಮಕ್ಕಳಿಗಾದರೋ ಅದು ಬೇರೊಂದು ಬಗೆಯಲ್ಲಿಯೂ ಬೇಕಾದ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರದ ಈ ದುರ್ಗದ ನೆತ್ತಿಯೆಲ್ಲ ಬಂಡೆ. ಬಂಡೆ ನೀರನ್ನು ಕುಡಿಯುವುದಿಲ್ಲ. ಬಿದ್ದ ಮಳೆಯನ್ನು ಒಡನೆಯೇ ಕೆಳಕ್ಕೆ ಇಳಿಸಿಬಿಡುತ್ತದೆ. ಇಂತಹ ನೆಲವನ್ನು ಬಲ್ಲ ನಮ್ಮ ಹಿರಿಯರು ಹಳ್ಳದ ಜಾಡು ಹಿಡಿದು ಕಟ್ಟೆ ಕಟ್ಟಿದರು, ಕೆರೆ ಕಟ್ಟಿದರು, ಒಂದರ ಕೋಡಿ ಹರಿದರೆ ಮತ್ತೊಂದು ತುಂಬುವಂತೆ ಸರಣಿಯಾಗಿ ಜೋಡಿಸಿದರು. ಕುಣಿಗಲ್ಲಿನ ದೊಡ್ಡಕೆರೆಯಂತಹ ಹಿರಿಯ ಕೆರೆಗಳು ತಾವಾಗಿಯೇ ತುಂಬಿದವಲ್ಲ. ಮೇಲಿನ ಹತ್ತಾರು ಸಣ್ಣ ಜಲಾಶಯಗಳ ಋಣ ಅವುಗಳ ಮೇಲಿದೆ. ಈ ಇಡೀ ಏರ್ಪಾಡು ಮಳೆಯು ತನ್ನ ಕಾಲಕ್ಕೆ, ಹದವಾಗಿ ಬರುವುದೆಂಬ ಭರವಸೆಯ ಮೇಲೆ ನಿಂತುದು. ಆ ಭರವಸೆಯೇ ಈಗ ಅಲುಗಾಡಿದೆ.

ನಮ್ಮ ಮನೆಗಳಲ್ಲಿ ಮಳೆಗೆ ತಿಂಗಳ ಹೆಸರಿರಲಿಲ್ಲ, ನಕ್ಷತ್ರದ ಹೆಸರಿತ್ತು. ಏಪ್ರಿಲ್ ಕೊನೆಗೆ ಹುಟ್ಟುವ ಭರಣಿಯ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಅರಿಯದ ಅಜ್ಜಿಯಿಲ್ಲ. ಕೃತ್ತಿಕೆ, ರೋಹಿಣಿಗಳಲ್ಲಿ ಉಳುಮೆ. ಪುನರ್ವಸು, ಪುಷ್ಯಗಳಲ್ಲಿ ರಾಗಿ ಬಿತ್ತನೆ. ಉತ್ತರೆ, ಹಸ್ತಗಳಲ್ಲಿ ತೆನೆಗೆ ಬೇಕಾದ ನೀರು. ಸ್ವಾತಿ ಕಳೆದ ಮೇಲೆ ಬಾನು ತಿಳಿಯಾಗಿ ಕೊಯ್ಲು, ಕಣ. ಮದುವೆ, ಜಾತ್ರೆ, ಹೊಸ ಮನೆಯ ಕೆಲಸ ಎಲ್ಲವೂ ಈ ಲೆಕ್ಕದ ನಡುವೆ ಜಾಗ ಮಾಡಿಕೊಳ್ಳುತ್ತಿದ್ದವು. ಪಂಚಾಂಗದ ಲೆಕ್ಕ ಇಂದಿಗೂ ಸರಿಯಾಗಿಯೇ ಇದೆ; ನಕ್ಷತ್ರವು ದಿನಕ್ಕೆ ಸರಿಯಾಗಿ ಹುಟ್ಟುತ್ತದೆ, ಮಳೆ ಮಾತ್ರ ಬರುವುದಿಲ್ಲ. ಇಲ್ಲವೇ ಕೇಳದ ಹೊತ್ತಿನಲ್ಲಿ ಬಂದು ಒಂದೇ ರಾತ್ರಿಗೆ ಒಂದು ತಿಂಗಳ ಮಳೆಯನ್ನು ಸುರಿದುಹೋಗುತ್ತದೆ.

ಕಳೆದ ಕೆಲವು ವರ್ಷಗಳನ್ನೇ ನೋಡೋಣ. 2021ರ ನವೆಂಬರ್‌ನಲ್ಲಿ, ರಾಗಿ ತೆನೆ ಬಲಿತು ಕೊಯ್ಲಿಗೆ ನಿಂತಿದ್ದಾಗ, ದಕ್ಷಿಣ ಒಳನಾಡಿನಲ್ಲೆಲ್ಲ ದಿನಗಟ್ಟಲೆ ಮಳೆ ಹಿಡಿಯಿತು. ಪೈರು ನೆಲಕ್ಕೆ ಒರಗಿ ತೆನೆಯಲ್ಲೇ ಮೊಳಕೆಯೊಡೆಯಿತು. 2023ರಲ್ಲಿ ಇದಕ್ಕೆ ತೀರ ವಿರುದ್ಧ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಕಂಡ ಆಗಸ್ಟ್‌ಗಳಲ್ಲೆಲ್ಲ ಅತ್ಯಂತ ಒಣಗಿದುದು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು. 2024ರ ಏಪ್ರಿಲ್ ತಿಂಗಳಿನಲ್ಲಿ ನೆರೆಯ ಬೆಂಗಳೂರಿನಲ್ಲಿ ಅಳತೆಗೆ ಸಿಗುವಷ್ಟು ಮಳೆಯೇ ಆಗಲಿಲ್ಲ. ಮರುವರ್ಷ, ಅಂದರೆ 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತು; ಆ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ವಾಡಿಕೆಯ ಎರಡರಷ್ಟನ್ನೂ ಮೀರಿದ ಮಳೆ ಬಿದ್ದಿತು. ಈ ನಾಲ್ಕೈದು ವರ್ಷಗಳ ಮಳೆಯನ್ನು ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ನೋಡಲು ಚೆನ್ನಾಗಿಯೇ ಇದ್ದೀತು. ಆದರೆ ಸರಾಸರಿಯನ್ನು ನಂಬಿ ಯಾವ ಒಕ್ಕಲಿಗನೂ ಬಿತ್ತಲಾರ.

ಇದಕ್ಕೆ ಕಾರಣವನ್ನು ವಿಜ್ಞಾನಿಗಳು ಸರಳವಾಗಿಯೇ ಹೇಳುತ್ತಾರೆ. ಗಾಳಿಯ ಉಷ್ಣತೆಯು ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯು ಶೇಕಡಾ 7ರಷ್ಟು ಹೆಚ್ಚುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ಹೊಗೆಯಿಂದ ಜಗತ್ತು ಬಿಸಿಯಾಗುತ್ತಿದ್ದು, 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆಯು ಯಂತ್ರಯುಗಕ್ಕೆ ಮೊದಲಿನದಕ್ಕಿಂತ ಒಂದೂವರೆ ಡಿಗ್ರಿಯನ್ನು ದಾಟಿತು. ಬಿಸಿಗಾಳಿಯು ಕೆರೆಯ ನೀರನ್ನೂ ಮಣ್ಣಿನ ಪಸೆಯನ್ನೂ ಬೇಗ ಹೀರಿಕೊಳ್ಳುತ್ತದೆ. ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳೆಂದು ಇದರ ಅರ್ಥ. ಪ್ರತಿಯೊಂದು ಬರಕ್ಕೂ ಇದೊಂದೇ ಕಾರಣವಲ್ಲವೆಂಬುದನ್ನೂ ಹೇಳಬೇಕು. 2023ರ ಬರದಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೋ ಎಂಬ ಸ್ಥಿತಿಯ ಪಾಲೂ ಇತ್ತು.

ಈ ಏರುಪೇರು ಅಡುಗೆಮನೆಯವರೆಗೆ ಹೇಗೆ ಬರುತ್ತದೆಂಬುದನ್ನು ನಮ್ಮ ತಾಯಂದಿರು ಯಾರಿಗಿಂತಲೂ ಚೆನ್ನಾಗಿ ಬಲ್ಲರು. ಮಳೆಯಲ್ಲಿ ನೆಂದ ರಾಗಿ ಕಪ್ಪಿಟ್ಟು, ಹಿಟ್ಟಿನ ಬಣ್ಣವೂ ಕೆಡುತ್ತದೆ, ಮುದ್ದೆಯ ರುಚಿಯೂ ಕೆಡುತ್ತದೆ. ರಾಗಿಗಿಂತ ಹುಲ್ಲಿನ ನಷ್ಟ ದೊಡ್ಡದೆಂದು ನಾವು ಎಣಿಸುತ್ತೇವೆ. ಮೆದೆ ಹಾಕುವ ಮೊದಲೇ ಹುಲ್ಲು ಕೊಳೆತರೆ ಬೇಸಗೆಯಲ್ಲಿ ಹಸುವಿಗೆ ಹಾಕಲು ಏನೂ ಉಳಿಯದು, ಡೈರಿಗೆ ಹಾಲು ಹೋಗದು, ವಾರದ ಬಟವಾಡೆ ಬಾರದು. ಮನೆಯ ಹೆಂಗಸರ ಕೈಯಲ್ಲಿ ಆಡುವ ಹಣ ಹೆಚ್ಚಾಗಿ ಅದೇ. ಇನ್ನು ಅವರೆ. ಮಾಗಡಿ, ಕುಣಿಗಲ್ಲುಗಳ ಅವರೆಕಾಯಿಗೆ ಸೊಗಡು ಬರುವುದು ಮಾಗಿಯ ಚಳಿಗೆ, ಇಬ್ಬನಿಗೆ ಎಂದು ಜನ ನಂಬಿದ್ದಾರೆ. ಚಳಿ ಬೀಳದೆ ಮೋಡ ಕವಿದುಕೊಂಡಿದ್ದರೆ ಸೊಗಡಿನ ಮಾತಿರಲಿ, ಕಾಯಿಕೊರಕ ಹುಳುವೇ ಮೊದಲು ಉಂಡುಹೋಗುತ್ತದೆ.

ರಾಗಿಯ ವಿಷಯದಲ್ಲಿ ರೈತನಿಗೆ ಸ್ವಲ್ಪ ಆಸರೆಯುಂಟು. ಮಳೆ ಸಕಾಲದಲ್ಲಿ ಬಂದರೆ 120 ದಿನಗಳನ್ನು ಮೀರುವ ಎಂ.ಆರ್. 6ರಂತಹ ದೀರ್ಘಾವಧಿ ತಳಿ; ತಡವಾದರೆ 110 ದಿನಗಳ ಆಸುಪಾಸಿನ, ಬೆಂಕಿರೋಗವನ್ನೂ ತಾಳುವ ಜಿ.ಪಿ.ಯು. 28. ಎರಡರ ಬೀಜವನ್ನೂ ಮನೆಯಲ್ಲಿಟ್ಟುಕೊಂಡು, ಮಳೆ ನೋಡಿ ಬಿತ್ತುವುದು ಜಾಣತನ. ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ ಹಿರಿಯರ ಕ್ರಮವನ್ನು ಹಳತೆಂದು ಬಿಟ್ಟವರು ಮತ್ತೆ ಹಿಡಿಯಬಾರದೇಕೆ? ಒಂದು ಕೈಬಿಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಕೆರೆಯ ಗೋಡನ್ನು ಬೇಸಗೆಯಲ್ಲಿ ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವ ಪದ್ಧತಿಯೂ ಹಾಗೆಯೇ. ಕೆರೆಯ ಹೊಟ್ಟೆ ಆಳವಾಗುತ್ತಿತ್ತು, ಹೊಲದ ಮಣ್ಣು ಪಸೆ ಹಿಡಿಯುತ್ತಿತ್ತು. ಒಂದೇ ರಾತ್ರಿ ಸುರಿಯುವ ಮಳೆಯನ್ನು ಹೂಳು ತುಂಬಿದ ಕೆರೆ ಹಿಡಿಯಲಾರದು. ಒತ್ತುವರಿಯಾದ ರಾಜಕಾಲುವೆಯಂತೂ ಅದನ್ನು ಕೆರೆಯವರೆಗೆ ಬರಗೊಡದು.

ಯಡಿಯೂರು ಸಿದ್ಧಲಿಂಗೇಶ್ವರರ ದರ್ಶನಕ್ಕೆ ಹೋಗುವ ಭಕ್ತ ಕುಟುಂಬಗಳಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಮೀಪದಲ್ಲಿಯೇ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದ್ದು, ಬಹಳ ಮಂದಿ ಅಲ್ಲಿಗೂ ಹೋಗಿಬರುತ್ತಾರೆ. ಈ ಜಲಾಶಯದ ವಿಶೇಷವೆಂದರೆ ಸೈಫನ್ ವ್ಯವಸ್ಥೆ. ಇದಕ್ಕೆ ಬಾಗಿಲು ಎತ್ತುವವರು ಬೇಕಿಲ್ಲ. ನೀರು ಒಂದು ಮಟ್ಟವನ್ನು ಮುಟ್ಟಿದೊಡನೆ ತಾನೇ ಹೊರಕ್ಕೆ ಧುಮುಕುತ್ತದೆ. ಹಿಂದೆ ಸೈಫನ್ ಹರಿಯುವುದೆಂದರೆ ಊರಿಗೆಲ್ಲ ಹಬ್ಬ. 2025ರ ಅಕ್ಟೋಬರ್‌ನಲ್ಲಿ ಅದರ ಕೆಳಗಿನ ನೀರಿಗಿಳಿದಿದ್ದ ಒಂದೇ ಕುಟುಂಬದವರು, ಹೆಂಗಸರು ಮಕ್ಕಳೆನ್ನದೆ, ಏಕಾಏಕಿ ನುಗ್ಗಿದ ಪ್ರವಾಹದಲ್ಲಿ ಕೊಚ್ಚಿಹೋದರು. ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಭಾಗದ ದೇವರಾಯನದುರ್ಗ, ಗುಬ್ಬಿಗಳ ಕಡೆ ಬಿದ್ದ ಮಳೆ ನದಿಯಲ್ಲಿ ಇಳಿದು ಬರುತ್ತಿರಬಹುದು. ಜಲಾಶಯ ತುಂಬಿರುವ ದಿನಗಳಲ್ಲಿ ಕೆಳಗಿನ ನೀರಿಗೆ ಮಕ್ಕಳನ್ನು ಬಿಡಲೇಬೇಡಿ.

ಬೇಸಗೆಯ ಜಾತ್ರೆಗಳಿಗೂ ಈ ಮಾತು ತಕ್ಕಮಟ್ಟಿಗೆ ಸಲ್ಲುತ್ತದೆ. ಶಿವರಾತ್ರಿಯಿಂದ ಬಸವ ಜಯಂತಿಯವರೆಗಿನ ಬಿಸಿಲಿನಲ್ಲಿ ತೇರಿಗೆ ನಿಲ್ಲುವ ವೃದ್ಧರಿಗಾಗಿ ನೆರಳಿನ ಚಪ್ಪರವೂ ಅರವಟ್ಟಿಗೆಯೂ ಹಿಂದೆ ಊರವರ ಸೇವೆಯಾಗಿದ್ದವು. ಬಾಟಲಿ ನೀರು ಬಂದ ಮೇಲೆ ಅರವಟ್ಟಿಗೆ ಅಲ್ಲಲ್ಲಿ ನಿಂತುಹೋಯಿತು. ಯುವಕ ಸಂಘಗಳು ಅದನ್ನು ಮತ್ತೆ ನಡೆಸುವುದಾದರೆ ಮಣ್ಣಿನ ಹರವಿ, ಮಜ್ಜಿಗೆ, ಒಂದಿಷ್ಟು ಉಪ್ಪು ಸಾಕು.

ತೆಂಗಿನ ಸಂಗತಿಯನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ಅದು ನಿಧಾನವಾಗಿ ತಿಳಿಯುವ ಸಂಗತಿ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆಯು ಕ್ವಿಂಟಾಲಿಗೆ 20,000 ರೂಪಾಯಿಯನ್ನು ದಾಟಿದಾಗ ಗುಬ್ಬಿ, ಕುಣಿಗಲ್ಲುಗಳ ತೋಟದವರು ಹಿಗ್ಗಬೇಕಾಗಿತ್ತು. ಆದರೆ ಮಾರುವುದಕ್ಕೆ ಕಾಯಿಯೇ ಇರಲಿಲ್ಲ. ಪಟ್ಟಣದ ಮನೆಗಳಲ್ಲಿ ಪೂಜೆಗೆ ಒಡೆಯುವ ಕಾಯಿಗೂ ಲೆಕ್ಕ ಹಾಕುವಂತಾಯಿತು. ಇಳುವರಿ ಕುಸಿಯಲು ರೋಗ, ಹುಳುಗಳ ಜೊತೆಗೆ ಹಿಂದಿನ ಬರವೂ ಕಾರಣ. ಬರ ಬಂದ ವರ್ಷ ಮರದಲ್ಲಿ ಹರಳು ಉದುರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದ ಪೆಟ್ಟು ಸುಳಿಯೊಳಗೆ ಬೀಳುತ್ತದೆ. ಅಲ್ಲಿ ಹೊಂಬಾಳೆಯ ಮೊಳೆ ಮೂಡಿದಂದಿನಿಂದ ಅದು ಹೊರಬಂದು, ಅರಳಿ, ಕಾಯಿ ಕಟ್ಟಿ ಬಲಿಯುವುದಕ್ಕೆ ಸುಮಾರು 44 ತಿಂಗಳುಗಳು ಬೇಕು. 2024ರ ಆ ಉರಿಬೇಸಗೆಯಲ್ಲಿ ಸುಳಿಯೊಳಗೆ ಮೊಳೆತ ಹೊಂಬಾಳೆಯ ಕಾಯಿಗಳು ಕೊಯ್ಲಿಗೆ ಬರುವುದು 2027ರ ಕೊನೆಯ ಹೊತ್ತಿಗೆ.