ಮೊಡವೆಗೆ ಸಸ್ಯಲೇಪ: ಎಲೆಯಿಂದ ಔಷಧದವರೆಗೆ

ಹರೆಯದ ಮಕ್ಕಳಿರುವ ಮನೆಗಳಲ್ಲಿ ಮೊಡವೆಯ ಮಾತು ಬಾರದ ದಿನ ವಿರಳ. ಹಿರಿಯರಿಗೆ ಅದು ವಯೋಸಹಜವಾದ ಸಣ್ಣ ಸಂಗತಿ; ಆದರೆ ಕಲೆ ಉಳಿದೀತೆಂಬ ಅಳುಕಿನಿಂದ ನಾಲ್ಕು ಜನರ ಮುಂದೆ ಬರಲು ಸಂಕೋಚಪಡುವ ಮಕ್ಕಳಿಗೆ ಅದು ಸಣ್ಣದಲ್ಲ. ಇಂಥ ವೇಳೆ ಅರಿಶಿನ, ಬೇವು, ಲೋಳೆಸರಗಳತ್ತ ಕೈ ಚಾಚುವುದು ನಮ್ಮಲ್ಲಿ ವಾಡಿಕೆ. ಸಸ್ಯವೊಂದು ನಂಬಲರ್ಹ ಔಷಧವಾಗುವ ಬಗೆಯನ್ನು ಅರಿತರೆ ಈ ವಾಡಿಕೆಗೆ ವಿವೇಕವೂ ಕೂಡೀತು.

ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಸತ್ತ ಜೀವಕೋಶಗಳೊಡನೆ ಬೆರೆತ ಆ ಜಿಡ್ಡು ರೋಮಕೂಪವನ್ನು ಮುಚ್ಚುತ್ತದೆ. ಗಾಳಿಯಾಡದ ಆ ಎಡೆಯಲ್ಲಿ ವೃದ್ಧಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನಿಸ್ ಎಂಬ ಬ್ಯಾಕ್ಟೀರಿಯ ಉರಿಯೂತಕ್ಕೆ ಕಾರಣವಾಗುತ್ತದೆ. ಪ್ರತಿಜೀವಕ ಲೇಪಗಳನ್ನಷ್ಟೇ ಬಹುಕಾಲ ಬಳಸಿದರೆ ಬ್ಯಾಕ್ಟೀರಿಯ ಅವುಗಳಿಗೆ ಮಣಿಯದಂತಾಗುವುದೂ ಉಂಟು. ಸಸ್ಯಸಾರಗಳತ್ತ ಸಂಶೋಧಕರ ಗಮನ ಹರಿಯಲು ಇದೊಂದು ಕಾರಣ.

ಪ್ರಯೋಗಾಲಯದಲ್ಲಿ ಒಣಗಿದ ಎಲೆಯನ್ನು ಪುಡಿಮಾಡಿ, ನೀರಿನಲ್ಲೋ ಮದ್ಯಸಾರದಲ್ಲೋ ಸಾರ ತೆಗೆಯುತ್ತಾರೆ. ಬ್ಯಾಕ್ಟೀರಿಯ ಬೆಳೆಸಿದ ತಟ್ಟೆಯಲ್ಲಿ ಅದನ್ನು ಪರೀಕ್ಷಿಸಿ, ಬೆಳವಣಿಗೆಯನ್ನು ತಡೆಯಬಲ್ಲ ಕನಿಷ್ಠ ಪ್ರಮಾಣವನ್ನು ಅಳೆಯುತ್ತಾರೆ. ಅನೇಕ ಸಸ್ಯಗಳ ಕೀರ್ತಿ ಈ ತಟ್ಟೆಯಲ್ಲೇ ನಿಂತುಬಿಡುತ್ತದೆ. ಏಕೆಂದರೆ ಅಲ್ಲಿ ಗೆದ್ದ ಸಾರ ಜಿಡ್ಡಿನಿಂದ ಮುಚ್ಚಿದ ರೋಮಕೂಪದೊಳಗೂ ಇಳಿಯಬೇಕು, ಲೇಪದಲ್ಲಿ ಬೆರೆತು ಕೆಡಬಾರದು, ಚರ್ಮವನ್ನು ಸುಡಬಾರದು. ಮಣ್ಣು, ಋತುಗಳಿಗನುಸಾರ ಎಲೆಯ ಗುಣ ಬದಲಾಗುವುದರಿಂದ ಪ್ರತಿ ಬಾರಿಯೂ ಸಾರದ ಬಲವನ್ನು ಅಳೆದು ಸಮಗೊಳಿಸಬೇಕು. ಕೊನೆಗೆ ರೋಗಿಗಳ ಮೇಲೆ ಪ್ರಯೋಗ ನಡೆಯಬೇಕು.

ಈ ದಾರಿಯನ್ನು ಬಹುದೂರ ಕ್ರಮಿಸಿದ ಸಸ್ಯಗಳಲ್ಲೊಂದು ಆಸ್ಟ್ರೇಲಿಯಾದ ಟೀ ಟ್ರೀ. ಇದು ನಮ್ಮ ಚಹಾ ಗಿಡವಲ್ಲ. ನೀಲಗಿರಿ, ನೇರಳೆಗಳ ಕುಟುಂಬಕ್ಕೆ ಸೇರಿದ್ದು. 1990ರಲ್ಲಿ ಆ ದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 124 ರೋಗಿಗಳಲ್ಲಿ ಶೇ. 5ರ ಟೀ ಟ್ರೀ ತೈಲದ ಜೆಲ್ಲನ್ನು ಶೇ. 5ರ ಬೆಂಜಾಯಿಲ್ ಪೆರಾಕ್ಸೈಡ್ ಲೇಪದೊಡನೆ ಹೋಲಿಸಲಾಯಿತು. ಎರಡೂ ಮೊಡವೆಗಳನ್ನು ತಗ್ಗಿಸಿದವು. ಟೀ ಟ್ರೀ ತೈಲ ನಿಧಾನವಾಗಿ ಫಲ ಕೊಟ್ಟಿತಾದರೂ ಅದರಿಂದಾದ ಅಡ್ಡಪರಿಣಾಮಗಳು ಕಡಿಮೆ.

ಇಲ್ಲಿ ಗಮನಿಸಬೇಕಾದುದು ಶೇ. 5 ಎಂಬ ಅಳತೆ. ಅದೇ ತೈಲವನ್ನು ಹಾಗೆಯೇ ಹಚ್ಚಿದರೆ, ಗಾಳಿ ಬೆಳಕಿಗೆ ತೆರೆದಿಟ್ಟು ಹಳತಾದುದನ್ನು ಬಳಸಿದರೆ ಅಲರ್ಜಿಯಾಗಬಹುದು, ನುಂಗಿದರೆ ವಿಷ. ಸಸ್ಯಜನ್ಯವೆಂದ ಮಾತ್ರಕ್ಕೆ ನಿರಪಾಯವೆನ್ನಲಾಗದು.

ಆದುದರಿಂದ ತಂದೆತಾಯಂದಿರು ಲೇಪ ಕೊಳ್ಳುವಾಗ ಡಬ್ಬಿಯ ಮೇಲಿನ ಎಲೆಯ ಚಿತ್ರಕ್ಕೆ ಮನಸೋಲದೆ, ಒಳಗಿರುವ ಸಾರದ ಪ್ರಮಾಣವನ್ನು ಓದಬೇಕು. ಮೊದಲು ಮೊಳಕೈಯ ಒಳಬದಿಗೆ ಕೆಲವು ದಿನ ಹಚ್ಚಿ ನೋಡುವುದು ಲೇಸು. ಫಲಕ್ಕಾಗಿ ಕೆಲವು ವಾರ ಕಾಯುವ ತಾಳ್ಮೆಯೂ ಬೇಕು. ಗಂಟುಗಟ್ಟಿ ನೋಯುವ, ಕಲೆ ಉಳಿಸುವ ಮೊಡವೆಗಳಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣುವುದೇ ಶ್ರೇಯಸ್ಕರ.