ಮೊಸರಿನ ಲಾಭ ಹೆಪ್ಪಿನಲ್ಲಿಲ್ಲ

ಡೈರಿಗೆ ಹಾಲು ಹಾಕಿ ಏನು ಬಂತು, ಮೊಸರು ಮಾಡಿ ಮೈಸೂರಿಗೆ ತಂದು ಮಾರಿ ಎಂದು ನಂಜನಗೂಡು, ಹುಣಸೂರು ಕಡೆಯ ರೈತರಿಗೆ ಉಪದೇಶಿಸುವವರಿಗೆ ಬರವಿಲ್ಲ. ಲೆಕ್ಕ ಮಾತ್ರ ಅಷ್ಟು ಸಲೀಸಾಗಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ, ಮೊಸರು ಕೆ.ಜಿ.ಗೆ 54 ರೂಪಾಯಿ ಆಯಿತು. ಒಂದು ಲೀಟರ್ ಹಾಲು ಹೆಪ್ಪಾದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಮೊಸರು. ಕಾಯಿಸಿ, ಆರಿಸಿ, ಹೆಪ್ಪು ಹಾಕಿದ್ದಕ್ಕೆ ಪೇಟೆ ಕೊಡುವುದು ಎಂಟೇ ರೂಪಾಯಿ. ಸೌದೆ, ಗ್ಯಾಸು, ಪಾತ್ರೆ ತೊಳೆಯುವ ಕೂಲಿ ಎಲ್ಲ ಇದರಲ್ಲೇ ಹೊರಡಬೇಕು. ಇನ್ನೊಂದು ಕಡೆ, ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ತಡವಾಗಿಯಾದರೂ ಬರುವ ದುಡ್ಡು ಅದು. ಮನೆಯಲ್ಲೇ ಉಳಿಸಿಕೊಂಡ ಹಾಲಿಗೆ ಅದಿಲ್ಲ, ಸಂಘದ ಬೋನಸ್ಸೂ ಇಲ್ಲ. ಹೆಪ್ಪು ಹಾಕಿ ಗಳಿಸಿದ್ದನ್ನು ಬಹುಪಾಲು ಇದೇ ನುಂಗುತ್ತದೆ.

ಹಾಗಿದ್ದೂ ಮೊಸರಿನಿಂದ ಸಂಸಾರ ನಡೆಸುವ ಮನೆಗಳಿವೆಯಲ್ಲ ಎಂದು ಕೇಳಬಹುದು. ಇವೆ, ಅವರು ಸಂಪಾದಿಸುವುದು ಮಾರಾಟದಲ್ಲಿ. ಡೈರಿ ರೈತನಿಗೆ ಕೊಡುವ ದರಕ್ಕೂ ಅಂಗಡಿಯ ಪ್ಯಾಕೆಟ್ ಬೆಲೆಗೂ ನಡುವೆ ಶೀತಲೀಕರಣ, ಸಾಗಣೆ, ಪ್ಯಾಕಿಂಗ್, ಏಜೆಂಟರ ಕಮಿಷನ್ ಕೂತಿರುತ್ತವೆ. ವರ್ತನೆ ಮನೆಗಳಿಗೆ ತಾವೇ ಒಯ್ದು ಕೊಡುವವರ ಜೇಬಿಗೆ ಆ ಅಂತರ ಬೀಳುತ್ತದೆ. ಆದರೆ ಊರು ನಗರಕ್ಕೆ ಹತ್ತಿರವಿರಬೇಕು, ಗಿರಾಕಿ ಖಾಯಂ ಆಗಿರಬೇಕು. ಬೇಸಿಗೆಯಲ್ಲಿ ಮೊಸರು ಎಷ್ಟಿದ್ದರೂ ಸಾಲದು, ಆಗಲೇ ಹಸಿರು ಮೇವಿಲ್ಲದೆ ಹಾಲು ಇಳಿಯುತ್ತದೆ. ಮಳೆ ಹಿಡಿದು ಹಾಲು ಏರುವ ಹೊತ್ತಿಗೆ ಆಷಾಢ. ಕಲ್ಯಾಣ ಮಂಟಪಗಳೂ ಖಾಲಿ. ಈ ಏರಿಳಿತವನ್ನು ಡೈರಿ ತಾನು ಹೊರುತ್ತದೆ, ಒಂಟಿ ಮನೆ ಹೊರಲಾರದು.

ತೆರಿಗೆಯೇ ಅಡ್ಡಿ ಎನ್ನುವವರಿದ್ದಾರೆ. 2022ರ ಜುಲೈನಲ್ಲಿ ಬಂದ ಶೇ 5ರ ಜಿಎಸ್‌ಟಿ ಲೇಬಲ್ ಹಚ್ಚಿದ ಪ್ಯಾಕೆಟ್ ಮೊಸರಿಗೆ, ಬಿಡಿ ಮೊಸರಿಗಲ್ಲ. ಹಾಗಾಗಿ ಆ ನೆಪ ನಿಲ್ಲದು. ಸಬ್ಸಿಡಿ ಇದೆಯಲ್ಲ ಎಂಬುದು ಇನ್ನೊಂದು ವಾದ: 2020ರಲ್ಲಿ ಶುರುವಾದ ಕಿರು ಆಹಾರ ಉದ್ದಿಮೆ ಯೋಜನೆ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಕೊಡುತ್ತದೆ. ಯಂತ್ರ ಬಂದೀತು, ಗಿರಾಕಿ ಬರುವರೇ? ನನಗೆ ಗಟ್ಟಿಯಾಗಿ ಕಾಣುವ ಆಕ್ಷೇಪ ಒಂದೇ: ಚಾಕುವಿನಲ್ಲಿ ಕುಯ್ಯುವಂಥ ಎಮ್ಮೆ ಮೊಸರಿಗೆ 54ಕ್ಕಿಂತ ಹೆಚ್ಚು ಕೊಡುವವರು ಮೈಸೂರಿನಲ್ಲಿ ಸಿಗುತ್ತಾರೆ. ನಿಜ. ಆದರೆ ಡೈರಿಯನ್ನು ನಂಬಿದ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಟ್ಟಿರುವುದು ಮಿಶ್ರತಳಿ ಹಸು. ಅದರ ತೆಳು ಹಾಲಿನ ಮೊಸರು ಪ್ಯಾಕೆಟ್ ಮೊಸರಿನ ಜೊತೆಗೇ ಪೈಪೋಟಿಗೆ ಇಳಿಯಬೇಕು; ಗಟ್ಟಿ ಮೊಸರಿನ ಬೆಲೆ ಬೇಕಾದರೆ ಮೊದಲು ಎಮ್ಮೆಗೆ ಸಾಲ ಮಾಡಬೇಕು.